ರಾಟೆಯ ಮುಂದೆ ವಿಶ್ರಾಂತಿ

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಯಲ್ಲಿ ಜ್ವರ ಬಾರದ ಮನೆ ಉಳಿದಿರಲಿಲ್ಲ. ಕೀಲು ಹಿಡಿಯುವ ಜ್ವರ ಅದು. ಮೂರು ದಿನ ಮೈ ಸುಡುತ್ತಿತ್ತು, ನಾಲ್ಕನೆಯ ದಿನ ಗೋಡೆ ಹಿಡಿದು ನಡೆಸುತ್ತಿತ್ತು. ಎದುರುಮನೆಯ ಪವರ್‌ಲೂಮಿನವನು ಹದಿನೈದು ದಿನಕ್ಕೆ ಎದ್ದು ಓಡಾಡಿದ. ಪಕ್ಕದ ಮನೆಯ ಹಣ್ಣುಮುದುಕಿ ತಿಂಗಳಿಗೆ ಎದ್ದು ಹೊಳೆಗೆ ಹೋಗಿಬಂದಳು. ನನ್ನ ಗಂಡ ಎದ್ದರು, ಅತ್ತೆ ಎದ್ದರು. ನಾನೊಬ್ಬಳು ಏಳಲಿಲ್ಲ. ಏಳಲಿಲ್ಲ ಅಂದರೆ ಮಲಗೇ ಇದ್ದೆ ಅಂತ ತಿಳಿಯಬೇಡಿ, ನಮ್ಮ ಮನೆಯಲ್ಲಿ ಹಾಗೆ ಮಲಗುವ ರೂಢಿಯಿಲ್ಲ. ಜ್ವರ ಬಿಟ್ಟುಹೋಯಿತು, ಬೆರಳಿನ ಗೆಣ್ಣುಗಳಲ್ಲಿ ಬಾವು ಮಾತ್ರ ಠಿಕಾಣಿ ಹೂಡಿತು.

ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಊರ ತುಂಬ ಪವರ್‌ಲೂಮು ಬಡಿದುಕೊಳ್ಳುತ್ತಿದ್ದರೂ ನಮ್ಮ ಪಡಸಾಲೆಯಲ್ಲಿ ಇನ್ನೂ ಒಂದು ಕೈಮಗ್ಗವಿದೆ. ನಮ್ಮವರು ಅದರ ಮೇಲೆ ಸೀರೆ ನೇಯುತ್ತಾರೆ. ನಾನು ಕೆಚ್ಚುವವಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳ ಸಾಲು, ತೀರುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಒಂದು ಸೀರೆಯ ಅಗಲಕ್ಕೆ ಸಾವಿರಗಟ್ಟಲೆ ಎಳೆ. ಹೆಬ್ಬೆರಳಿಗೂ ತೋರುಬೆರಳಿಗೂ ಚಿಟಿಕೆ ಬೂದಿ ಹಚ್ಚಿಕೊಂಡು ಮುಂಜಾನೆ ಕುಳಿತೆನೆಂದರೆ ಊಟದ ಹೊತ್ತಿಗೆ ಅರ್ಧ ಹಾಸು ಮುಗಿಸಿ ಏಳುತ್ತಿದ್ದೆ. ನಾನು ಕೂಡಿಸಿದ ಜಾಗ ಯಾವುದೆಂದು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುತ್ತಿರಲಿಲ್ಲ. ಬನಹಟ್ಟಿಯಿಂದಲೂ ಕರೆಯಲು ಬರುತ್ತಿದ್ದರು. ನಾನು ಒಮ್ಮೆಗೇ ಒಪ್ಪುತ್ತಿರಲಿಲ್ಲ, ಎರಡು ಸಲ ಕರೆಸಿಕೊಳ್ಳುತ್ತಿದ್ದೆ. ಅಷ್ಟು ಜಂಬ ಇತ್ತು ನನಗೆ, ಇದ್ದದ್ದನ್ನು ಇಲ್ಲ ಎನ್ನಲಾರೆ. ನೋಡಲು ಚೆಂದದವಳಲ್ಲ, ಓದಿದ್ದು ಹತ್ತನೆಯ ಇಯತ್ತೆ, ಬಾಯಿ ಜೋರು. ನನ್ನ ಮಟ್ಟಿಗೆ ಹೇಳಿಕೊಳ್ಳುವಂಥದ್ದು ಆ ಬೆರಳುಗಳು ಮಾತ್ರ.

ಜಮಖಂಡಿಯಲ್ಲಿ ಕೀಲುರೋಗ ನೋಡುವ ಡಾಕ್ಟರೊಬ್ಬರಿದ್ದಾರೆಂದು ಯಾರೋ ಹೇಳಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯ ಮಾತೇ ಆಡುತ್ತಿದ್ದರು. ರಕ್ತ ತೆಗೆಸಿ ನೋಡಿ, ಜ್ವರದ ನೆವದಲ್ಲಿ ಒಳಗಿದ್ದ ಸಂಧಿವಾತ ಎದ್ದಿದೆ, ನಿಮ್ಮ ಮೈಯೇ ನಿಮ್ಮ ಕೀಲುಗಳ ಮೇಲೆ ಹಗೆ ಸಾಧಿಸುತ್ತಿದೆ ಎಂದರು. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದರು. ಆಮೇಲೆ ಹೇಳಿದ ಮಾತು ಔಷಧಿಗಿಂತ ಕಷ್ಟದ್ದಾಗಿತ್ತು.

"ಕೀಲು ಬಿಸಿಯಾಗಿ ಬಾತಿದ್ರ ಅದಕ್ಕ ಕೆಲಸ ಕೊಡಬ್ಯಾಡ್ರಿ. ತಣ್ಣಗಾಗಿ ಬಿಗಿದಿದ್ರ ಸುಮ್ನ ಬಿಡಬ್ಯಾಡ್ರಿ, ಆಡಸ್ರಿ. ದಿನಾ ಮುಂಜಾನೆ ನೀವ ನೋಡಿ, ಕೆಲಸೋ ಆರಾಮೋ ನೀವ ಠರಾಸ್ರಿ."

"ನಾ ಏನ ಠರಾಸಲ್ರಿ? ಡಾಕ್ಟರ ನೀವೋ ನಾನೋ?" ಎಂದೆ.

"ದಿನಾ ನಿಮ್ಮ ಮನಿಗೆ ಬಂದು ಮುಟ್ಟಿ ನೋಡಾಕ ನಂಗ ಆಗ್ತೈತೇನ್ರಿ?" ಎಂದು ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾಗಿಯೇ ಹೇಳಿದರು. ಮುಂದಿನ ಆರೆಂಟು ತಿಂಗಳು ಇದನ್ನು ಸರಿಯಾಗಿ ಸಂಭಾಳಿಸಿದರೆ ಬೆರಳು ನೆಟ್ಟಗೆ ಉಳಿಯುತ್ತವೆ, ಮತ್ತೆ ಕೆಚ್ಚಬಹುದು.

ಅಂದಿನಿಂದ ಏಳುತ್ತಲೇ ನನಗೆ ಒಂದೇ ಕೆಲಸ. ಹಾಸಿಗೆಯಲ್ಲೇ ಕೂತು ಗೆಣ್ಣುಗಳನ್ನು ಒಂದೊಂದಾಗಿ ಗಲ್ಲಕ್ಕೆ ಒತ್ತಿ ನೋಡುವುದು. ಬಿಸಿಯೋ ತಣ್ಣಗೋ? ಹತ್ತು ಬೆರಳೂ ಒಂದೇ ಮಾತು ಹೇಳಿದ್ದರೆ ಬದುಕು ಸಲೀಸಾಗುತ್ತಿತ್ತು. ತೋರುಬೆರಳು ಕಾದಿರುತ್ತಿತ್ತು, ನಡುಬೆರಳು ತಣ್ಣಗೆ ಸೆಟೆದಿರುತ್ತಿತ್ತು, ಹೆಬ್ಬೆರಳು ಮುಂಜಾನೆ ಒಂದು ಹೇಳಿ ಚಹಾ ಕುಡಿಯುವಷ್ಟರಲ್ಲಿ ಇನ್ನೊಂದು ಹೇಳುತ್ತಿತ್ತು. ಆಡಿಸಿದ ದಿನ ಸಂಜೆ ಬಾತುಕೊಂಡರೆ, ಅಯ್ಯೋ ಸುಮ್ಮನಿರಬೇಕಿತ್ತು. ಸುಮ್ಮನಿದ್ದ ದಿನ ಮರುಬೆಳಿಗ್ಗೆ ಬಿಗಿದುಕೊಂಡರೆ, ಅಯ್ಯೋ ಆಡಿಸಬೇಕಿತ್ತು. ಹೇಗೆ ಮಾಡಿದರೂ ತಪ್ಪು ನನ್ನದೇ ಆಗುತ್ತಿತ್ತು. ಜಡ್ಡಿಗಿಂತ ಈ ದಿನದಿನದ ಯೋಚನೆಯೇ ನನ್ನನ್ನು ಹೆಚ್ಚು ದಣಿಸಿತು.

ಬೆರಳಿಗೆ ಬೇರೆ, ಮೈಗೆ ಬೇರೆ ಲೆಕ್ಕ. ಮೈ ಜಡಗಟ್ಟಬಾರದು, ದಿನಾ ಅರ್ಧ ತಾಸು ನಡೆಯಬೇಕು ಎಂದಿದ್ದರು ಡಾಕ್ಟರು. ನಮ್ಮ ಓಣಿಯ ಹೆಂಗಸು ಕೈಬೀಸಿಕೊಂಡು ಸುಮ್ಮಸುಮ್ಮನೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ದಿನ ಹೊಳೆಯ ದಾರಿ ಹಿಡಿದದ್ದೇ ತಡ, ಮೂರು ಬಾಗಿಲಿನಿಂದ ಕೇಳಿದರು.

"ಎಲ್ಲಿಗೆ ಹೊಂಟೀಬೇ ಇಷ್ಟ ಲಗೂನ?"

"ಎಲ್ಲಿಗೂ ಇಲ್ಲ, ಸುಮ್ನ."

"ಸುಮ್ನ ಯಾರರೆ ಹೋಗ್ತಾರೇನ? ಮನ್ಯಾಗ ಏನರೆ ಆಗೇತೇನ?"

ಮರುದಿನದಿಂದ ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನು ತೋಳಿಗೆ ತೂಗುಹಾಕಿಕೊಂಡು ಹೊರಟೆ. ಯಾರೂ ಏನೂ ಕೇಳಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ತಿನ್ನುತ್ತ ಹೊಳೆಯವರೆಗೆ ಹೋಗಿ, ಖಾಲಿ ಕ್ಯಾನನ್ನೇ ಹೊತ್ತು ವಾಪಸು ಬರುತ್ತಿದ್ದೆ.

ಕೈಗೆ ಹೇಳಿದ ವ್ಯಾಯಾಮವೂ ನಮ್ಮ ಮನೆಗೆ ಬಂದ ಮೇಲೆ ಬೇರೆಯದೇ ರೂಪ ತಾಳಿತು. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು ಮುಷ್ಟಿ ಬಿಗಿದು ಬಿಚ್ಚಬೇಕು, ಮೆತ್ತನೆಯ ರಬ್ಬರ್ ಚೆಂಡು ಹಿಚುಕಬೇಕು. ನಾನು ಹೊಸ್ತಿಲಲ್ಲಿ ಕೂತು ಚೆಂಡು ಹಿಚುಕುವುದನ್ನು ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ತಡೆಯಲಾಗಲಿಲ್ಲ.

"ಚೆಂಡ ಹಿಚಗೂದಕ್ಕಿಂತ ಹಿಟ್ಟ ನಾದೂದು ಛಲೋ ಅಲ್ಲೇನವಾ? ಕೈಗೂ ಆತು, ಹೊಟ್ಟಿಗೂ ಆತು."

ನನಗೆ ಖರೆ ಅನಿಸಿತು. ನಕ್ಕು, ಚೆಂಡನ್ನು ಗೋಡೆಯ ಮಾಡದೊಳಗಿಟ್ಟು, ಜೋಳದ ಹಿಟ್ಟು ನಾದಿದೆ. ನಾದಿದ ಮೇಲೆ ಬಡಿಯದೆ ಇರುವುದು ಹೇಗೆ? ರೊಟ್ಟಿಯನ್ನೂ ಬಡಿದೆ. ಇದನ್ನು ಹೇಳುವುದು ಅತ್ತೆಯನ್ನು ದೂರಲಿಕ್ಕಲ್ಲ. ನನ್ನ ತಲೆಯೂ ಅದೇ ಮಗ್ಗದಲ್ಲಿ ನೇಯ್ದದ್ದು. ಏನೂ ಹುಟ್ಟದ ಕೆಲಸಕ್ಕೆ ಕೈಯಾಡಿಸಲು ನನಗೂ ನಾಚಿಕೆಯಾಗುತ್ತಿತ್ತು.

ಹಾಗೂ ಹೀಗೂ ಯುಗಾದಿಯವರೆಗೆ ಕಾಲ ತಳ್ಳಿದೆ. ಯುಗಾದಿ ಮುಗಿದ ವಾರ ಎರಡೂ ಕೈ ಒಮ್ಮೆಲೇ ಬಾತವು. ಬಳೆ ಒಡೆದು ತೆಗೆಯಬೇಕಾಯಿತು. ಜಮಖಂಡಿಗೆ ಓಡಿದೆವು. ಡಾಕ್ಟರು ಮುಟ್ಟಿ ನೋಡಿ, ಈಗ ಯೋಚನೆ ಮಾಡುವ ಮಾತೇ ಇಲ್ಲ, ವ್ಯಾಯಾಮ ಬಂದ್, ಮೂರು ವಾರ ಕೈಗೆ ಪೂರ್ಣ ವಿಶ್ರಾಂತಿ ಎಂದರು. ನನಗೆ ಹಾಯೆನಿಸಿತು. ಮೂರು ವಾರ ಗಲ್ಲಕ್ಕೆ ಬೆರಳೊತ್ತಿ ನೋಡುವ ಪೀಡೆಯಿಲ್ಲ.

ಮನೆಗೆ ಬಂದು ಹೇಳಿದೆ. ಅತ್ತೆ ಬಲು ನಿಷ್ಠೆಯಿಂದ ನಡೆಸಿದರು. ಹೆತ್ತ ಮಗಳಿಗೂ ಅಷ್ಟು ಮಾಡುತ್ತಿದ್ದರೋ ಇಲ್ಲವೋ. ರೊಟ್ಟಿ ತಾವೇ ಬಡಿದರು, ನೀರು ತಾವೇ ತಂದರು, ಪಾತ್ರೆ ಮುಟ್ಟಲು ಬಿಡಲಿಲ್ಲ. ಮಗ್ಗದ ಹತ್ತಿರ ಸುಳಿದರೆ ಗದರುತ್ತಿದ್ದರು. ಕಿಟಕಿಯ ಬೆಳಕು ಬೀಳುವಲ್ಲಿ ಚಾಪೆ ಹಾಸಿ, ಬೆನ್ನಿಗೆ ದಿಂಬು ಕೊಟ್ಟು, ನನ್ನ ಮುಂದೆ ರಾಟೆ ತಂದಿಟ್ಟರು.

"ಒಂದ ಕಡ್ಡಿ ಎತ್ತಬ್ಯಾಡ. ಇಲ್ಲೇ ಕುಂತು ಕಂಡಿಕಿ ಸುತಗೋತ ಆರಾಮ ತಗೋ."

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಹೊಕ್ಕು ಅನ್ನುವ ಅಡ್ಡ ಎಳೆಗಾಗಿ ಲಾಳಿಯೊಳಗೆ ಇಡುವ ಪುಟ್ಟ ನೂಲುಸುರುಳಿಗೆ ಕಂಡಿಕೆ ಅನ್ನುತ್ತಾರೆ. ಅದನ್ನು ಸುತ್ತುವುದು ನೇಕಾರರ ಮನೆಯಲ್ಲಿ ಕೆಲಸವೆಂದು ಲೆಕ್ಕಕ್ಕೇ ಬರುವುದಿಲ್ಲ. ತುಂಬಿದ ಬಸುರಿ, ಕಣ್ಣು ಮಂಜಾದ ಮುದುಕ, ಕಾಲು ಮುರಿದುಕೊಂಡವನು, ಕಾಮಾಲೆಯಿಂದ ಎದ್ದವನು ಎಲ್ಲರೂ ರಾಟೆಯ ಮುಂದೆಯೇ ಕೂಡುವುದು. ಮಗ್ಗದಿಂದ ಇಳಿದು ರಾಟೆಗೆ ಕೂತರೆ ಅದೇ ವಿಶ್ರಾಂತಿ. ಮಗಳು ಹೊಟ್ಟೆಯಲ್ಲಿದ್ದಾಗ ನಾನೂ ಏಳೆಂಟು ತಿಂಗಳು ಹಾಗೆಯೇ ಕಳೆದಿದ್ದೆ. ಹಾಗಾಗಿ ಅತ್ತೆ ದಿಂಬು ಕೊಟ್ಟಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಪ್ರೀತಿಗೆ. ಬಲಗೈಯಿಂದ ರಾಟೆ ತಿರುವುತ್ತ, ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ನೂಲು ಬಿಗಿಹಿಡಿದು ಓಡಿಸುತ್ತ, ಮುಂಜಾನೆಯಿಂದ ಸಂಜೆಯವರೆಗೆ ನಾನು ವಿಶ್ರಾಂತಿ ತೆಗೆದುಕೊಂಡೆ.

ಮಗಳನ್ನು ಬೀಳಗಿಗೆ ಕೊಟ್ಟಿದ್ದೇವೆ. ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿಟ್ಟು ಮಾತಾಡುತ್ತಿದ್ದೆ.

"ಯವ್ವಾ, ಆರಾಮ ತಗೊಳ್ಳಾಕತ್ತೀಯೋ ಇಲ್ಲೋ? ಸುಳ್ಳ ಹೇಳಬ್ಯಾಡ."

"ಖರೇನ ಹೇಳ್ತೇನಿ, ನಿಮ್ಮಜ್ಜಿ ಒಂದ ಕಡ್ಡಿ ಎತ್ತಾಕ ಬಿಡವಲ್ಲಳು."

ರಾಟೆ ಗುರ್ರೆನ್ನುವುದು ಆ ಕಡೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವಳಿಗೂ ಏನೂ ಅನಿಸಲಿಲ್ಲ. ಇದೇ ಮನೆಯಲ್ಲಿ ಬೆಳೆದವಳು.

ಮೂರು ವಾರದ ಮೇಲೆ ಡಾಕ್ಟರು ಕೈ ನೋಡಿ ಹುಬ್ಬು ಗಂಟಿಕ್ಕಿದರು. "ವಿಶ್ರಾಂತಿ ಕೊಟ್ಟೀರಿಲ್ಲ?" ಎಂದರು. "ಪೂರಾ ಕೊಟ್ಟೇನ್ರಿ" ಎಂದೆ, ಎದೆಯುಬ್ಬಿಸಿ. ಗುಳಿಗೆ ಹೆಚ್ಚಿಸಿದರು, ಇನ್ನೂ ಮೂರು ವಾರ ಎಂದರು. ಗುಳಿಗೆಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ನಾನು ವಾಂತಿ ಮಾಡಿ ಬಾಯಿ ತೊಳೆದುಕೊಂಡು ಬಂದು ಮತ್ತೆ ರಾಟೆಗೆ ಕೂಡುತ್ತಿದ್ದೆ. ಅಷ್ಟು ನಿಯತ್ತಿನ ರೋಗಿ ನಾನು. ಎರಡನೆಯ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಅವರು ತಮ್ಮ ಔಷಧಿಯ ಮೇಲೆಯೇ ಅನುಮಾನಪಟ್ಟು ಇನ್ನೊಂದು ಔಷಧಿ ಸೇರಿಸಿದರು.

ಮೂರನೆಯ ಸಲ ಹೋದಾಗ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿದರು. ತೋರುಬೆರಳಿನ ಒಳಮೈಯಲ್ಲಿ ಸಣ್ಣ ಗೀರು ಬಿದ್ದಿತ್ತು, ಗೀರಿನೊಳಗೆ ಕೆಂಪು ಬಣ್ಣ ಕೂತಿತ್ತು.

"ಇದೇನ್ರಿ ಬಣ್ಣ?"

"ನೂಲಿಂದ್ರಿ. ಈ ಸಲ ಕೆಂಪ ಹೊಕ್ಕು ಐತಿ. ಕಂಡಿಕಿ ಸುತ್ತುವಾಗ ಹತ್ತತೈತಿ."

"ಯಾವಾಗ ಸುತ್ತಿದ್ರಿ?"

"ದಿನಾ ರಿ. ಆರಾಮ ತಗೋ ಅಂದೀರಲ್ಲ, ಅದಕ್ಕ ರಾಟಿ ಮುಂದ ಕುಂತೇನಿ."

ಅವರು ಪೆನ್ನು ಮುಚ್ಚಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಒಂಬತ್ತು ವಾರ ದಿನಾ ಸುತ್ತಿದಿರಾ ಎಂದು ಮತ್ತೊಮ್ಮೆ ಕೇಳಿ, ಎಕ್ಸ್‌ರೇ ತೆಗೆಸಿಕೊಂಡು ಬರಲು ಚೀಟಿ ಬರೆದರು. ತೆಗೆಸಿ ತಂದದ್ದನ್ನು ದೀಪದ ಹಲಗೆಗೆ ಸಿಕ್ಕಿಸಿ ನನಗೂ ತೋರಿಸಿದರು. ಗೆಣ್ಣಿನ ಹತ್ತಿರ ಎಲುಬಿನ ಅಂಚು ಇಲಿ ಕಡಿದಂತೆ ಕಾಣುತ್ತಿತ್ತು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು. ಬಲಗೈಯ ಹೆಬ್ಬೆರಳಿಗೂ ಶುರುವಾಗಿತ್ತು. ಬಾತ ಕೀಲಿಗೆ ಚಿವುಟಿ ಹಿಡಿಯುವ ಕೆಲಸದಷ್ಟು ಕೆಟ್ಟದ್ದು ಬೇರೆ ಇಲ್ಲ ಎಂದರು. ನಾನು ಡಾಕ್ಟರ ಮಾತು ಕೇಳದೆ ಹಿಟ್ಟು ನಾದುತ್ತಲೇ ಇದ್ದಿದ್ದರೂ ಇಷ್ಟು ಹಾಳಾಗುತ್ತಿರಲಿಲ್ಲವೇನೋ. ವಿಶ್ರಾಂತಿ ತೆಗೆದುಕೊಂಡೇ ಹಾಳು ಮಾಡಿಕೊಂಡಿದ್ದೆ.

ಈ ಸಲ ಮನೆಗೆ ಹೋಗದೆ ತವರಿಗೆ ಹೋದೆ. ಮುಧೋಳ ತಾಲೂಕಿನಲ್ಲಿ, ತಿಮ್ಮಾಪುರದ ಹತ್ತಿರ, ನನ್ನ ತಮ್ಮ ಕಬ್ಬು ಮಾಡುತ್ತಾನೆ. ಅವರು ಮಗ್ಗ ಬಿಟ್ಟು ಎರಡು ತಲೆಮಾರಾಯಿತು. ಅಲ್ಲಿ ರಾಟೆಯಿಲ್ಲ, ಅದಕ್ಕೇ ಹೋದೆ. ಕೈಗೆ ಪಟ್ಟಿ ಸುತ್ತಿಸಿಕೊಂಡು ಕಟ್ಟೆಯ ಮೇಲೆ ಕೂತೆ. ತಮ್ಮನ ಹೆಂಡತಿ ಬಾಯಿಗೆ ತುತ್ತು ಕೊಟ್ಟಳು. ತಮ್ಮನ ಬೇಟೆನಾಯಿ ಮುಂಗಾಲು ಉಳುಕಿಸಿಕೊಂಡು ಬಂದಿತ್ತು, ತೆಳ್ಳನೆಯ ಉದ್ದ ಕಾಲಿನ ನಾಯಿ. ನಾಲ್ಕು ದಿನ ಬೇವಿನ ನೆರಳು ಬಿಟ್ಟು ಅಲುಗಲಿಲ್ಲ, ರೊಟ್ಟಿ ತೋರಿಸಿದರೂ ಏಳಲಿಲ್ಲ. ಐದನೆಯ ದಿನ ತಾನೇ ಎದ್ದು ಮೈಮುರಿದು, ಹೊಲದ ಬದುವಿನ ಮೇಲೆ ಒಂದು ಸುತ್ತು ಹೋಗಿಬಂತು, ವಾರದಲ್ಲಿ ಓಡಿತು. ಯಾವಾಗ ಮಲಗಬೇಕು ಯಾವಾಗ ಏಳಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನನಗೆ ಆ ನಾಯಿಯ ಮೇಲೆ ಹೊಟ್ಟೆಕಿಚ್ಚು ಬಂದಿತ್ತು, ನಗಬೇಡಿ, ಕಲ್ಲು ಬೀರುವಷ್ಟು ಸಿಟ್ಟು ಬಂದಿತ್ತು.

ಬಾವು ಇಳಿಯಿತು. ಪಟ್ಟಿ ಬಿಚ್ಚಿದಾಗ ಮೂರು ಬೆರಳು ಬಾಗಿದಲ್ಲೇ ನಿಂತಿದ್ದವು. ಈಗ ಆಡಿಸುವ ಸರದಿ. ರಬಕವಿಗೆ ಮರಳಿ ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಮೂರು ಹೊತ್ತು ಬೆಚ್ಚನೆಯ ನೀರಲ್ಲಿ ಕೈಯಿಟ್ಟೆ, ಚೆಂಡು ಹಿಚುಕಿದೆ, ಬೆರಳು ಹಿಡಿದು ನೆಟ್ಟಗೆ ಮಾಡಲು ನೋಡಿದೆ. ನೋವಿಗೆ ಸೆರಗು ಕಚ್ಚಿಕೊಳ್ಳುತ್ತಿದ್ದೆ. ಈಗ ಯಾರೂ ಹಿಟ್ಟು ನಾದು ಅನ್ನಲಿಲ್ಲ. ರಾಟೆಯನ್ನು ಅತ್ತೆ ಅಟ್ಟಕ್ಕೆ ಹಾಕಿಸಿದ್ದರು. ಕಂಡಿಕೆ ಹೊರಗೆ ಸುತ್ತಿಸಿ ತರುತ್ತಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮಗ್ಗದ ಮುಂದೆ ಕೂತೆ. ಹಾಸು ತೀರಿ ಕೆಚ್ಚಲಿಕ್ಕೆ ಬಂದಿತ್ತು. ಬೂದಿ ಹಚ್ಚಿಕೊಂಡೆ. ಮೊದಲ ಎಳೆ ಹಿಡಿಯಲು ಹೋದರೆ ಬೆರಳಿಗೆ ಬೆರಳು ಮುಟ್ಟಲೇ ಇಲ್ಲ. ನಡುವೆ ಜೋಳದ ಕಾಳು ತೂರುವಷ್ಟು ಸಂದು. ಮತ್ತೆ ಮತ್ತೆ ಹಿಡಿದೆ, ಎಳೆ ಜಾರಿ ಜಾರಿ ಬಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ನಮ್ಮವರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಸರಿ, ಏಳು" ಎಂದರು, ಅಷ್ಟೇ. ಸಂಜೆ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಬಂದು ಕೆಚ್ಚಿ ಹೋದಳು. ಆಕೆಯ ಗಂಟುಗಳು ಕಾಣುತ್ತಿದ್ದವು. ನಾನು ಒಳಮನೆಯಲ್ಲಿ ಕೂತು ಅತ್ತುಬಿಟ್ಟೆ.

ಕಳೆದ ತಿಂಗಳು ಜಮಖಂಡಿಗೆ ಹೋಗಿದ್ದೆ. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕಕ್ಕೆ ಸಿಕ್ಕಿಸಿ ನೋಡಿದರು. ಆಮೇಲೆ, ಈ ಬೆರಳುಗಳಲ್ಲಿ ಎಲುಬಿಗೆ ಎಲುಬು ಕೂಡಿಕೊಂಡುಬಿಟ್ಟಿದೆ, ಉಳಿದವನ್ನು ಔಷಧಿಯಿಂದ ಕಾಪಾಡೋಣ ಎಂದರು.

"ವ್ಯಾಯಾಮ ದಿನಕ್ಕ ಎಷ್ಟ ಸಲ ಮಾಡ್ಲಿರಿ?" ಎಂದೆ.

"ಇವಕ್ಕ ಇನ್ನ ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ ರಿ. ನೋವಾಗ್ತೈತಿ ಅಂದ್ರ ಬಿಟ್ಟಬಿಡ್ರಿ."

"ಅಂದ್ರ ವಿಶ್ರಾಂತಿ ಕೊಡ್ಲ್ಯಾ?"

"ನಿಮಗ ಹ್ಯಾಂಗ ಹಿತಾ ಅನಸ್ತೈತಿ ಹಂಗ ಇರ್ರಿ."

ಎರಡು ವರ್ಷ ಯಾರಾದರೂ ಈ ಯೋಚನೆಯನ್ನು ನನ್ನ ತಲೆಯ ಮೇಲಿಂದ ಇಳಿಸಲಿ ಎಂದು ಬೇಡಿಕೊಂಡಿದ್ದೆ. ಇಳಿಸಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬನಹಟ್ಟಿ ದಾಟುವವರೆಗೂ ನನಗೆ ಏನೂ ಅನಿಸಲಿಲ್ಲ. ಎಡಗೈ ತೊಡೆಯ ಮೇಲೆ ಯಾರದ್ದೋ ವಸ್ತುವಿನಂತೆ ಬಿದ್ದಿತ್ತು.

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಇದ್ದರು. ಡಾಕ್ಟರು ಏನಂದರು ಎಂದು ಕೇಳಲಿಲ್ಲ. ಅಷ್ಟು ದಿನ ಬಾಯಿಗೆ ಬಂದು ಒಳಗೇ ಹೋಗುತ್ತಿದ್ದದ್ದನ್ನು ಕೇಳಿದರು.

"ಆ ರಾಟಿಯಿಂದ ಆತೇನವಾ?"

ಇಲ್ಲ ಅನ್ನಬಹುದಿತ್ತು. ಎಂಬತ್ತರ ಹತ್ತಿರದ ಜೀವ. ಆದರೆ ನನ್ನ ಸಿಟ್ಟು ಎಲ್ಲಿತ್ತೋ, ಎದ್ದು ಬಂತು.

"ಹೌದ್ರಿ. ಅದರಿಂದನ ಆತು."

ಅವರು ಒಲೆಯ ಉರಿ ಸಣ್ಣ ಮಾಡಿದರು. "ನಂಗ ಗೊತ್ತಿದ್ದಿಲ್ಲವಾ" ಎಂದರು. ನನಗೂ ಗೊತ್ತಿರಲಿಲ್ಲ, ಸುತ್ತಿದವಳು ನಾನೇ, ಎಂದು ಹೇಳಬೇಕಿತ್ತು. ಹಾಗೆಯೇ ಒಳಗೆ ಹೋಗಿ ಮಲಗಿಬಿಟ್ಟೆ, ಹಾಡುಹಗಲು.

ಮರುದಿನ ಮುಂಜಾನೆ ನಾನು ಏಳುವ ಮೊದಲೇ ಅತ್ತೆ ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದು ಹಾಸಿಗೆಯ ಪಕ್ಕ ಕೂತಿದ್ದರು. ನನ್ನ ಎಡಗೈ ಎತ್ತಿ ನೀರಿನೊಳಗೆ ಇಟ್ಟರು. ಆಮೇಲೆ ತಮ್ಮ ಸೆರಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಬೆರಳನ್ನೂ ಹಿಡಿದು ನೆಟ್ಟಗೆ ಮಾಡಲು ತೊಡಗಿದರು. ತುಟಿಯೊಳಗೇ ಒಂದರಿಂದ ಹತ್ತು ಎಣಿಸುತ್ತಿದ್ದರು. ನಾನು ಮಾಡುತ್ತಿದ್ದದ್ದನ್ನು ಇಷ್ಟು ದಿನ ಅಡುಗೆಮನೆಯಿಂದ ನೋಡಿ ಕಲಿತಿರಬೇಕು.

ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. "ನಿನ್ನಿಗಿಂತ ಇವತ್ತ ಚೂರ ಸಡ್ಲ ಆಗೇತಿ ನೋಡು" ಎನ್ನುತ್ತಾರೆ. ಆಗಿರುವುದಿಲ್ಲ. ಬಹಳ ನೋಯುತ್ತದೆ. ಡಾಕ್ಟರು ಏನು ಹೇಳಿದರೆಂದು ನಾನು ಇನ್ನೂ ಅವರಿಗೆ ಹೇಳಿಲ್ಲ. ಕೈ ಕೊಟ್ಟು ಕೂತಿರುತ್ತೇನೆ, "ಹೌದ್ರಿ, ಆಗೇತಿ" ಎನ್ನುತ್ತೇನೆ.